ಸೂತ್ರವುಂಟು, ಪ್ರಯೋಗವಿಲ್ಲ : ಓಪನ್‌ಎಸ್‌ಎಸ್‌ಎಚ್ ಕೈಪಿಡಿಯ ವಿಮರ್ಶೆ

ಹೊಸಕೋಟೆಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಸಂಸ್ಥೆಯ ‘ಕ್ರೆಸ್ಟ್’ ಕೇಂದ್ರದಲ್ಲಿ ಕುಳಿತು ವಿಜ್ಞಾನಿಗಳು ಲಡಾಖಿನ ಹಾನ್ಲೆಯಲ್ಲಿರುವ ಹಿಮಾಲಯ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. 2000ದಲ್ಲಿ ಮೊದಲ ಬೆಳಕನ್ನು ಕಂಡ, 2 ಮೀಟರ್ ವ್ಯಾಸದ ಆ ಯಂತ್ರವು ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿ, ಇಲ್ಲಿಂದ 2,000 ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿದೆ. ಅಲ್ಲಿಯ ಯಂತ್ರವ್ಯವಸ್ಥೆಯ ವಿವರ ಪ್ರಸ್ತುತ ಲೇಖನದ ವಿಷಯವಲ್ಲ. ಆ ದೂರವು ನಮಗೆ ಒದಗಿಸುವ ಅಳತೆಗೋಲು ಮಾತ್ರ ಇಲ್ಲಿ ಬೇಕಾದುದು. ಯಂತ್ರ ದೂರದಲ್ಲಿದ್ದು, ಅದಕ್ಕೆ ಬಾಗಿಲು ಒಂದೇ ಆಗಿರುವಾಗ, ಕಾವಲಿನ ನಿಯಮವನ್ನು ತಿದ್ದುವವನು ತನ್ನ ಕೈಯಿಂದಲೇ ತನ್ನನ್ನು ಹೊರಗೆ ಹಾಕಿಕೊಂಡರೆ ಎದ್ದುಹೋಗಿ ಬಾಗಿಲು ತೆರೆಯುವಂತಿಲ್ಲ. ಯೂನಿಕ್ಸ್ ಬಗೆಯ ಯಂತ್ರಗಳಲ್ಲಿ ಈ ಕಾವಲನ್ನು ಬಹುಮಟ್ಟಿಗೆ ನಿರ್ವಹಿಸುತ್ತಿರುವ ಓಪನ್‌ಎಸ್‌ಎಸ್‌ಎಚ್‌ನ ಕೈಪಿಡಿಯನ್ನು ಈ ಅಳತೆಗೋಲಿನಿಂದ ಪರೀಕ್ಷಿಸುವುದು ನಮ್ಮ ಉದ್ದೇಶ.

ಕೃತಿಯ ಹಿನ್ನೆಲೆಯನ್ನು ಮೊದಲು ನೆನೆಯಬೇಕು. ಟೆಲ್‌ನೆಟ್, ಆರ್‌ಲಾಗಿನ್ ಎಂಬ ಹಳೆಯ ಸಾಧನಗಳಲ್ಲಿ ಗುಪ್ತಪದವು ತಂತಿಯ ಮೇಲೆ ಬಿಚ್ಚುಮೊಗದಲ್ಲಿ ಸಾಗುತ್ತಿತ್ತು. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾನಿಲಯದ ಜಾಲದಲ್ಲಿ ಗುಪ್ತಪದಗಳ ಅಪಹರಣವಾದ ಮೇಲೆ, 1995ರಲ್ಲಿ, ತಾತು ಯ್ಲೊನೆನ್ ಎಂಬುವರು ಎಸ್‌ಎಸ್‌ಎಚ್ ಅನ್ನು ರಚಿಸಿದರು. 1999ರಲ್ಲಿ ಓಪನ್‌ಬಿಎಸ್‌ಡಿ ತಂಡವು ಅದರ ಮುಕ್ತರೂಪವನ್ನು ಹೊರತಂದಿತು. ಆ ತಂಡದ ಕೈಪಿಡಿಯ ಸತ್ಯನಿಷ್ಠೆ, ಮಿತವಚನ ಇವು ಶ್ಲಾಘ್ಯವಾದ ಗುಣಗಳು. ಅಲ್ಲಿ ಹೊಗಳಿಕೆಯ ಮಾತಿಲ್ಲ. ಪ್ರತಿಯೊಂದು ಆಜ್ಞಾಪದಕ್ಕೂ ಅರ್ಥ, ಒಪ್ಪುವ ಮೌಲ್ಯ, ಹೇಳದಿದ್ದರೆ ಸಲ್ಲುವ ಮೌಲ್ಯ ಇವುಗಳನ್ನು ಕ್ರಮವಾಗಿ ಕೊಟ್ಟಿದೆ.

ನಮ್ಮ ಲಕ್ಷಣಗ್ರಂಥಗಳ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಸೂತ್ರವೂ ಉಂಟು, ವೃತ್ತಿಯೂ ಉಂಟು, ಇಲ್ಲದಿರುವುದು ಪ್ರಯೋಗ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರವನ್ನು ಹೇಳಿ, ವೃತ್ತಿಯಿಂದ ವಿವರಿಸಿ, ಪ್ರಯೋಗದಿಂದ ಸ್ಥಿರಪಡಿಸುತ್ತಾನೆ. ಸಂಧಿ, ನಾಮ, ಸಮಾಸ ಎಂದು ವಿಷಯಾನುಸಾರವಾಗಿ ಪ್ರಕರಣಗಳನ್ನು ಹೂಡುತ್ತಾನೆ. ಕೈಪಿಡಿಯಾದರೋ ಆಜ್ಞಾಪದಗಳನ್ನು ಅಕಾರಾದಿಯಾಗಿ ಪೋಣಿಸಿದೆ. ಗುಪ್ತಪದದ ಪ್ರವೇಶವನ್ನು ನಿಲ್ಲಿಸುವ ಪದ ಒಂದೆಡೆ, ಅದಕ್ಕೆ ಮೊದಲು ಸಿದ್ಧವಾಗಿರಬೇಕಾದ ಬೀಗದಕೈಗಳ ಕಡತವನ್ನು ಸೂಚಿಸುವ ಪದ ಬಹುದೂರದ ಇನ್ನೊಂದೆಡೆ. ಇವೆರಡರ ಪೂರ್ವಾಪರ ಸಂಬಂಧವನ್ನು ಓದುಗನು ತಾನೇ ಊಹಿಸಿಕೊಳ್ಳಬೇಕು.

ಇದಕ್ಕಿಂತಲೂ ಗಹನವಾದುದು ಪರಿಭಾಷಾಸೂತ್ರದ ವಿಚಾರ. ತುಲ್ಯಬಲದ ಎರಡು ಸೂತ್ರಗಳಿಗೆ ವಿರೋಧ ಬಂದಲ್ಲಿ ಪರಸೂತ್ರವೇ ಪ್ರಬಲವೆಂಬುದು ಪಾಣಿನೀಯ ಸಂಪ್ರದಾಯ. ಓಪನ್‌ಎಸ್‌ಎಸ್‌ಎಚ್‌ನಲ್ಲಿ ಇದಕ್ಕೆ ವಿಪರೀತವಾದ ನ್ಯಾಯ: ವಿಶೇಷವಾಗಿ ಬೇರೆ ಹೇಳದ ಹೊರತು, ಒಂದು ಪದಕ್ಕೆ ಮೊದಲು ದೊರೆತ ಮೌಲ್ಯವೇ ಸಲ್ಲುತ್ತದೆ. ಕಡತದ ಕೊನೆಯಲ್ಲಿ “ಗುಪ್ತಪದ ಬೇಡ” ಎಂದು ಬರೆದು ನಿಶ್ಚಿಂತನಾದವನು, ಮೇಲೆಲ್ಲೋ “ಬೇಕು” ಎಂದು ಬರೆದಿರುವ ಸಾಲನ್ನು ಕಾಣದೆ ಹೋಗಬಹುದು. ಡೆಬಿಯನ್, ಉಬುಂಟುಗಳಲ್ಲಿ ಬೇರೆ ಕಡತಗಳನ್ನು ಸೇರಿಸಿಕೊಳ್ಳುವ ಸಾಲು ಮುಖ್ಯ ಕಡತದ ಆರಂಭದಲ್ಲಿಯೇ ಇರುವುದರಿಂದ, ವಿರೋಧಿಯು ಬೇರೊಂದು ಕಡತದಲ್ಲಿ ಅಡಗಿರುವುದೂ ಸಾಧ್ಯ. ಬಾಗಿಲು ಮುಚ್ಚಿತೆಂದು ಎಣಿಸಿದವನ ಬಾಗಿಲು ತೆರೆದೇ ಇರುತ್ತದೆ. ಇಷ್ಟು ಪ್ರಾಣಭೂತವಾದ ನಿಯಮಕ್ಕೆ ಕೈಪಿಡಿಯಲ್ಲಿ ದೊರೆತಿರುವುದು ಒಂದೇ ಒಂದು ವಾಕ್ಯ, ಉದಾಹರಣೆಯಿಲ್ಲ.

ಕೈಪಿಡಿಯು ಕೋಶವೇ ಹೊರತು ಪಾಠವಲ್ಲ, ಕೋಶದಲ್ಲಿ ಪ್ರಯೋಗವನ್ನು ಅರಸುವುದು ಅನ್ಯಾಯ ಎಂದು ಆಕ್ಷೇಪಿಸಬಹುದು. ಈ ಆಕ್ಷೇಪದಲ್ಲಿ ಅರ್ಧಸತ್ಯವಿದೆ. ಕಡತದ ವ್ಯಾಕರಣಶುದ್ಧಿಯನ್ನು ನೋಡುವ ಸಣ್ಣಕ್ಷರದ ‘ಟಿ’, ಕೊನೆಗೆ ಸಲ್ಲುವ ಮೌಲ್ಯಗಳನ್ನೆಲ್ಲ ಮುದ್ರಿಸಿ ತೋರಿಸುವ ದೊಡ್ಡಕ್ಷರದ ‘ಟಿ’ ಎಂಬೆರಡು ಪರೀಕ್ಷೆಗಳನ್ನು ಗ್ರಂಥಕಾರರೇ ಒದಗಿಸಿದ್ದಾರೆ. ಆದರೆ ಅವು ಸೇವಾತಂತ್ರಾಂಶದ ಪುಟದಲ್ಲಿವೆ. ಕಡತವನ್ನು ತಿದ್ದುವವನು ಓದುವ ಪುಟ ಬೇರೆ. ಮೇಲಾಗಿ ವ್ಯಾಕರಣಶುದ್ಧವಾದ ವಾಕ್ಯವೂ ಅನರ್ಥಕಾರಿಯಾಗಬಹುದು. ಬೀಗದಕೈಯನ್ನು ನೆಲೆಗೊಳಿಸದೆ ಗುಪ್ತಪದವನ್ನು ನಿಲ್ಲಿಸುವ ಸಾಲಿನಲ್ಲಿ ಯಾವ ದೋಷವನ್ನೂ ಮೊದಲ ಪರೀಕ್ಷೆ ಕಾಣದು.

ಕೈಪಿಡಿಯಲ್ಲಿ ಒಂದು ಪುಟದಷ್ಟಾದರೂ ಇರತಕ್ಕ ಪ್ರಯೋಗ ಇಂತಹುದು: ಹಳೆಯ ಕಡತದ ಪ್ರತಿಯನ್ನು ತೆಗೆದಿಡುವುದು, ನಿಗದಿಯಾದ ಕೆಲವು ನಿಮಿಷಗಳ ನಂತರ ಆ ಪ್ರತಿಯನ್ನು ತಾನಾಗಿ ಮರಳಿ ಸ್ಥಾಪಿಸಿ ಸೇವೆಗೆ ಓದಿಸುವಂತೆ ಯಂತ್ರಕ್ಕೆ ಮೊದಲೇ ಹೇಳಿಡುವುದು, ತಿದ್ದುವುದು, ಎರಡು ಪರೀಕ್ಷೆಗಳನ್ನೂ ನಡೆಸುವುದು, ಕಡತವನ್ನು ಮತ್ತೆ ಓದುವಂತೆ ಸೇವೆಗೆ ಸೂಚಿಸುವುದು, ಇದ್ದ ಸಂಪರ್ಕವನ್ನು ಬಿಡದೆ ಇನ್ನೊಂದು ಹೊಸ ಸಂಪರ್ಕದಿಂದ ಪ್ರವೇಶಿಸಿ ನೋಡುವುದು, ಅದು ಸಫಲವಾದ ಮೇಲೆಯೇ ಮರಳಿಕೆಯ ಏರ್ಪಾಟನ್ನು ರದ್ದುಮಾಡುವುದು. ಮರು ಓದಿನಿಂದ ಚಾಲ್ತಿಯಲ್ಲಿರುವ ಸಂಪರ್ಕಗಳು ಕಡಿಯುವುದಿಲ್ಲವಾದುದರಿಂದಲೇ ಈ ಕ್ರಮ ಸಾಧ್ಯವಾಗಿದೆ. ಸೇವೆಯ ಈ ಗುಣವನ್ನು ರಚನಕಾರರು ಬಲ್ಲರು. ಅದನ್ನು ಆಶ್ರಯಿಸಿ ನಡೆಯಬೇಕೆಂಬ ವಿಧಿಯನ್ನು ಮಾತ್ರ ಹೇಳಲಿಲ್ಲ.

ಈ ಕೊರತೆ ತಜ್ಞನಿಗೆ ಬಾಧಕವಲ್ಲ; ಅವನು ಪ್ರಯೋಗವನ್ನು ಪೆಟ್ಟು ತಿಂದು ಕಲಿತಿರುತ್ತಾನೆ. ದೊಡ್ಡಬಳ್ಳಾಪುರದಲ್ಲಿಯೋ ನೆಲಮಂಗಲದಲ್ಲಿಯೋ ಮೊದಲ ಬಾರಿಗೆ ಒಂದು ಯಂತ್ರದ ಹೊಣೆ ಹೊತ್ತ ವಿದ್ಯಾರ್ಥಿಗೆ ಆ ಪೆಟ್ಟನ್ನು ತಪ್ಪಿಸುವುದೇ ಶಾಸ್ತ್ರಗ್ರಂಥದ ಧರ್ಮ. ಸೂತ್ರಗಳು ಪ್ರಾಮಾಣಿಕವಾಗಿವೆ, ವೃತ್ತಿ ಸ್ಪಷ್ಟವಾಗಿದೆ. ಪ್ರಯೋಗಪ್ರಕರಣವೊಂದನ್ನು ಕನ್ನಡದಲ್ಲಿ ಬರೆದು ಸೇರಿಸುವ ಕೆಲಸವು ನಮ್ಮ ವಿಭಾಗಗಳ ಪಾಲಿಗೆ ಉಳಿದಿದೆ.