ಗಣಿನೆಲದ ಪುನರುದ್ಧಾರ: ಅಳತೆಗೋಲಿನ ವಿಮರ್ಶೆ

ಕಲಬುರಗಿ ನಗರದ ಮನೆಗಳಿಗೆ ಶಹಾಬಾದಿನ ಹಾಸುಗಲ್ಲು ಬಂದಿತು. ಶಹಾಬಾದಿನಲ್ಲಿ ಕಲ್ಲುಚೂರಿನ ದಿಬ್ಬಗಳು ಉಳಿದುವು. ಗಣಿ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಿ, ಅದನ್ನು ಸಸ್ಯಪ್ರಾಣಿಗಳಿಗೆ ಯೋಗ್ಯವಾಗಿಸಬೇಕೆಂಬ ಷರತ್ತನ್ನು ಗುತ್ತಿಗೆಗಳಲ್ಲಿ ವಿಧಿಸುವಂತೆ ಸರ್ವೋಚ್ಚ ನ್ಯಾಯಾಲಯವು 2020ರ ಜನವರಿಯಲ್ಲಿ ಕೇಂದ್ರ ಸರಕಾರಕ್ಕೆ ಆದೇಶಿಸಿತು. ಷರತ್ತು ಸ್ತುತ್ಯವೇ, ಆದರೆ ನೆಟ್ಟ ಸಸಿಗಳ ಎಣಿಕೆಯೊಂದರಿಂದಲೇ ಅದು ಈಡೇರಿತೆನ್ನುವುದು ಸಾಧುವಲ್ಲ. ಸಹಸ್ರಪದಿಗಳೂ ಗೆದ್ದಲುಗಳೂ ಉದುರಿದ ಎಲೆಯನ್ನು ಪುಡಿಮಾಡದೆ, ಇರುವೆಗಳು ನೆಲವನ್ನು ತೋಡಿ ಸಡಿಲಿಸದೆ, ಕಲ್ಲುಚೂರು ಸುಲಭವಾಗಿ ಮಣ್ಣಾಗದು. ಪಶ್ಚಿಮ ಆಸ್ಟ್ರೇಲಿಯದ ಬಾಕ್ಸೈಟ್ ಗಣಿಗಳಲ್ಲಿ ಜೊನಾಥನ್ ಮೇಜರ್ ಅವರು ಇರುವೆಗಳನ್ನೇ ಪುನರುದ್ಧಾರದ ಅಳತೆಗೋಲಾಗಿಸಿದರು. ಸಸ್ಯಜಾತಿಗಳು ಹೆಚ್ಚಿದೆಡೆ ಇರುವೆಯ ಜಾತಿಗಳೂ ಹೆಚ್ಚಿದುವು. ಆದುದರಿಂದ ಒಂದೇ ಜಾತಿಯ ನೆಡುತೋಪು ಸಾಲದು. ಕಮಲಾಪುರದ ಕೆಂಪುಬಾಳೆಯನ್ನು ಬೆಳೆಯುವ ಜಿಲ್ಲೆಗೆ ಮಣ್ಣಿನ ಬೆಲೆ ತಿಳಿಯದುದಲ್ಲ. ಪಕ್ಕದ ಅಗೆಯದ ನೆಲದ ಕೀಟಗಳು ದಿಬ್ಬಕ್ಕೆ ಮರಳಿದುವೇ ಎಂಬುದನ್ನೇ ಇಲ್ಲಿಯ ಪರೀಕ್ಷಕರು ಮೊದಲು ಕೇಳತಕ್ಕದ್ದು.