ಹಿಟ್ಟಿನ ಕೋಳಿಯೂ ಪೆಟ್ಟಿಗೆಯ ತತ್ತಿಯೂ

ಜನ್ನ ಕವಿಯು ಕ್ರಿ.ಶ. 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ಕುರಿತು ನಮ್ಮ ವಿಮರ್ಶಕರು ಬಹಳ ಬರೆದಿದ್ದಾರೆ. ಅದರಲ್ಲಿ ಹೆಚ್ಚಿನದು ರಾಣಿ ಅಮೃತಮತಿಯ ಮನೋವ್ಯಾಪಾರವನ್ನು ಕುರಿತದ್ದು. ಈ ಕಥೆಯನ್ನೇ ಆಧರಿಸಿದ ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕವೂ (1980) ದಾಂಪತ್ಯ ಮತ್ತು ಬಲಿಯ ಪ್ರಶ್ನೆಗಳಲ್ಲಿಯೇ ನಿಲ್ಲುತ್ತದೆ. ಯಶೋಧರನೂ ಅವನ ತಾಯಿ ಚಂದ್ರಮತಿಯೂ ಪಡೆದ ತಿರ್ಯಗ್ಜನ್ಮಗಳ ಭಾಗವನ್ನು ಕೇವಲ ಮತಬೋಧೆಯೆಂದು ಬದಿಗಿರಿಸುವುದು ರೂಢಿಯಾಗಿದೆ. ನಾನೂ ಹಲವು ವರ್ಷ ಹಾಗೆಯೇ ಓದಿದವನು. ಆ ಓದು ತಪ್ಪೆಂದು ನನಗೆ ಮನವರಿಕೆಯಾದುದು ಕಳೆದ ಚಾತುರ್ಮಾಸದಲ್ಲಿ ಬಂದ ಒಂದು ದೂರವಾಣಿ ಕರೆಯಿಂದ.

ಅಮೇರಿಕದಲ್ಲಿರುವ ನನ್ನ ಮಗಳ ಮಗನಿಗೆ ಈಗ ಹದಿನಾಲ್ಕು ವರ್ಷ. ಅವನು ‘ಲೆಪರ್ಡ್ ಗೆಕ್ಕೊ’ ಎಂಬ ಹಲ್ಲಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ್ದಾನೆ. ಅಫಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಒಣನೆಲಕ್ಕೆ ಸೇರಿದ, ಮೈಮೇಲೆ ಚಿರತೆಯಂತೆ ಚುಕ್ಕೆಗಳುಳ್ಳ ಶಾಂತ ಪ್ರಾಣಿಯದು. ಗೆಳೆಯನೊಬ್ಬನ ಗಂಡು ಹಲ್ಲಿಯನ್ನು ತಂದು ಕೆಲವು ದಿನ ಜೊತೆಗಿರಿಸಿದ್ದನಂತೆ. “ಅಜ್ಜಾ, ಎರಡು ತತ್ತಿ ಇಟ್ಟೈತಿ! ಮರಿ ಮಾಡಿಸಲಿ?” ಎಂದು ಹಿಗ್ಗಿನಿಂದ ಕೇಳಿದ. ಅವನ ತಾಯಿ, “ನೀವ ಹೇಳ್ರಿ ಅಪ್ಪಾ” ಎಂದಳು. ನನಗೆ ಕೂಡಲೇ ಉತ್ತರ ತೋಚಲಿಲ್ಲ.

ರೋಣ, ನರಗುಂದ, ಗಜೇಂದ್ರಗಡಗಳ ನಮ್ಮ ಮನೆಗಳಲ್ಲಿ ಹಲ್ಲಿಯೆಂದರೆ ಗೋಡೆಯ ಮೇಲಿನ ಜೀವ. ಅದು ಮೈಮೇಲೆ ಬಿದ್ದರೆ ಪಂಚಾಂಗದಲ್ಲಿ ಶಕುನ ನೋಡುವೆವು. ಅದನ್ನು ಕೊಲ್ಲುವುದಿಲ್ಲ, ಸಾಕುವುದೂ ಇಲ್ಲ. ಅದರ ಆಹಾರಕ್ಕೆ ನಾವು ಹೊಣೆಯಲ್ಲ. ಪೆಟ್ಟಿಗೆಯ ಹಲ್ಲಿಯ ವಿಷಯ ಹಾಗಲ್ಲ. ಅದು ತಿನ್ನುವುದು ಜೀವಂತ ಹುಳಗಳನ್ನು. ಮಿಡತೆಯಂಥ ಕೀಟಗಳನ್ನೂ ಹಿಟ್ಟಿನ ಹುಳಗಳನ್ನೂ ಅದಕ್ಕಾಗಿಯೇ ಬೆಳೆಸಿ ಮಾರುತ್ತಾರೆ. ಒಂದು ಸಲಕ್ಕೆ ಸಾಮಾನ್ಯವಾಗಿ ಎರಡು ತತ್ತಿ. ಆದರೆ ಹೆಣ್ಣು ಹಲ್ಲಿ ಒಮ್ಮೆ ಕೂಡಿದರೂ ಆ ಋತುವಿನಲ್ಲಿ ಹಲವು ಸಲ ತತ್ತಿ ಇಡಬಲ್ಲುದು. ತತ್ತಿಯಿರಿಸಿದ ಶಾಖವೇ ಮರಿಯ ಲಿಂಗವನ್ನು ನಿರ್ಣಯಿಸುತ್ತದೆ: ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಹುಪಾಲು ಹೆಣ್ಣು, 32-33ರಲ್ಲಿ ಬಹುಪಾಲು ಗಂಡು. ಗಂಡುಗಳು ಒಂದೆಡೆ ಇದ್ದರೆ ಕಾದಾಡುತ್ತವೆ. ಹುಟ್ಟಿದ ಪ್ರತಿಯೊಂದೂ ಹದಿನೈದು-ಇಪ್ಪತ್ತು ವರ್ಷ ಬದುಕಬಹುದು.

ಈ ಸಂಗತಿಗಳನ್ನು ತಿಳಿದ ಮೇಲೆ ಜನ್ನನನ್ನು ಮತ್ತೆ ತೆರೆದೆ. ಯಶೋಧರನು ಕೊಂದದ್ದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪದಿಂದ ಹಿಂಸೆಯಾಯಿತು. ಆ ಒಂದು ಕ್ರಿಯೆಯ ಫಲ ಜನ್ಮದಿಂದ ಜನ್ಮಕ್ಕೆ ಹರಿಯಿತು. ಮಗ ನವಿಲಾದ, ತಾಯಿ ನಾಯಾದಳು. ಇಬ್ಬರೂ ಬಂದು ಸೇರಿದ್ದು ಯಶೋಧರನ ಮಗ ಯಶೋಮತಿಯ ಅರಮನೆಯನ್ನೇ. ಸಾಕಿದವನಿಗೆ ತಾನು ಸಾಕಿದ್ದು ಯಾರನ್ನೆಂದು ತಿಳಿಯದು. ಕೊನೆಗೆ ಕೋಳಿಗಳಾಗಿ ಹುಟ್ಟಿದಾಗಲೂ ಅವರು ಸಾಕಿದವರ ಕೈಯಲ್ಲಿಯೇ ಇದ್ದರು. ವಿಮರ್ಶಕರು ಬದಿಗಿರಿಸಿದ ಈ ಭಾಗದಲ್ಲಿಯೇ ಕಾವ್ಯದ ತಿರುಳಿದೆಯೆಂದು ನನ್ನ ನಮ್ರ ಅಭಿಪ್ರಾಯ. ಮಾಡಿದವನು ಮರೆತರೂ ಮಾಡಿದ್ದು ಮುಂದೆ ಸಾಗುತ್ತದೆ. ಅದರ ಭಾರವನ್ನು ಹೊರುವುದು ಮಾತುಬಾರದ ದೇಹ.

ಶ್ರಾವಕಾಚಾರವು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ನಾನು ಕಡಲೆಯ ವ್ಯಾಪಾರಿ. ಗೋದಾಮಿನಲ್ಲಿ ಕಾಳಿಗೆ ನುಸಿ ಹಿಡಿದಾಗ ಔಷಧಿ ಇರಿಸಿದವನು. ಅದು ಉದ್ಯೋಗಿ ಹಿಂಸೆಯೆಂದು ಸಮಾಧಾನ ಹೇಳಿಕೊಂಡರೂ ಪ್ರತಿಕ್ರಮಣದ ಹೊತ್ತಿಗೆ ಅದು ನೆನಪಾಗದೆ ಇರುವುದಿಲ್ಲ. ಆದುದರಿಂದ ಮೊಮ್ಮಗನಿಗೆ ಉಪದೇಶಿಸುವ ಮೇಲಿನ ಪೀಠ ನನಗಿಲ್ಲ. ಆದರೂ ವ್ಯತ್ಯಾಸವಿದೆ. ಹೊಟ್ಟೆಪಾಡಿಲ್ಲದೆ, ಅಗತ್ಯವಿಲ್ಲದೆ ಮಾಡುವ ಹಿಂಸೆಯನ್ನು ನಮ್ಮವರು ಅನರ್ಥದಂಡವೆಂದು ಬೇರೆಯಾಗಿಯೇ ಎಣಿಸಿದ್ದಾರೆ. ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಸ್ವಾಮಿ ಕಾರ್ತಿಕೇಯರ ‘ಅನುಪ್ರೇಕ್ಷೆ’ ಇದರಲ್ಲಿಯೇ ಸೇರಿಸುತ್ತದೆ.

“ಆದರೆ ನನಗೆ ಅದರ ಮೇಲೆ ಪ್ರೀತಿ ಐತಿ” ಎಂದ ಹುಡುಗ. ಪ್ರೀತಿಯನ್ನು ನಾನು ಅಲ್ಲಗಳೆಯಲಾರೆ. ಆದರೆ ಪ್ರೀತಿ ಬೇರೆ, ಯತ್ನಾಚಾರ ಬೇರೆ. ‘ಲೆಮನ್ ಫ್ರಾಸ್ಟ್’ ಎಂಬ ನಿಂಬೆಬಣ್ಣದ ತಳಿಯ ಕಥೆಯನ್ನು ಗಮನಿಸಬೇಕು. ಆಕಸ್ಮಿಕವಾಗಿ ಹುಟ್ಟಿದ ಹೊಸ ಬಣ್ಣವನ್ನು ಮೆಚ್ಚಿ ಸಾಕಣೆದಾರರು ಆ ತಳಿಯನ್ನು ಬೆಳೆಸಿದರು. ಬಣ್ಣದೊಡನೆ ರೋಗವೂ ಬೆಳೆಯಿತು. ಈ ಹಲ್ಲಿಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪ್ರಾಣಿಗಳಿಗೆ ಚರ್ಮದ ಗಂತಿಗಳಾಗುವುದನ್ನೂ ಬಣ್ಣ-ರೋಗಗಳೆರಡರ ನಂಟು ಒಂದೇ ಜೀನಿನತ್ತ ಹೋಗುವುದನ್ನೂ 2021ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳ ಅಧ್ಯಯನ ತೋರಿಸಿತು. ತಳಿ ಬೆಳೆಸಿದವರಲ್ಲಿ ದ್ವೇಷವಿರಲಿಲ್ಲ. ಇದ್ದುದು ಸೌಂದರ್ಯದ ಆಸೆ. ‘ತತ್ತ್ವಾರ್ಥಸೂತ್ರ’ವು ಹಿಂಸೆಯ ಲಕ್ಷಣದಲ್ಲಿ ದ್ವೇಷವನ್ನಲ್ಲ, ಪ್ರಮಾದವನ್ನು ಮುಂದಿರಿಸಿದುದರ ಅರ್ಥ ನನಗೆ ಇಲ್ಲಿ ಹೆಚ್ಚು ಸ್ಪಷ್ಟವಾಯಿತು.

ಮನೆಯಲ್ಲಿ ಮರಿ ಮಾಡಿದರೆ ಕಾಡಿನ ಪ್ರಾಣಿಗಳನ್ನು ಹಿಡಿಯುವುದು ತಪ್ಪುತ್ತದೆಯೆಂಬ ವಾದವೂ ಉಂಟು. ಅದರಲ್ಲಿ ಸತ್ಯಾಂಶವಿಲ್ಲವೆನ್ನಲಾರೆ. ಆದರೆ ಅಳಿವಿನಂಚಿನ ಜೀವಿಯನ್ನು ಅರಿತವರು ಬೆಳೆಸಿ ಅದರ ನೆಲೆಗೆ ಮರಳಿಸುವುದು ಒಂದು ಕಾರ್ಯ. ಮೇಜಿನ ಮೇಲಿನ ಪೆಟ್ಟಿಗೆಗಳನ್ನು ಹೆಚ್ಚಿಸುತ್ತ ಹೋಗುವುದು ಮತ್ತೊಂದು.

ಇನ್ನು ಆ ಎರಡು ತತ್ತಿಗಳ ಪ್ರಶ್ನೆ. ಒಡೆದುಬಿಡು ಎನ್ನಲು ನನ್ನ ಬಾಯಿ ಬರಲಿಲ್ಲ. ಒಳಗೆ ಪಂಚೇಂದ್ರಿಯ ಜೀವವಿರಬಹುದು. ಮರಿಯಾಗಲಿ ಎಂದರೆ ಅವುಗಳ ಆಯುಷ್ಯವಿಡೀ ಹುಳಗಳ ಸಾವು. ಯಾವ ಬದಿಯಲ್ಲಿ ಬರೆದರೂ ಈ ಲೆಕ್ಕ ಸರಿತೂಗುವುದಿಲ್ಲ, ಬಿ.ಕಾಂ. ಓದಿದವನಿಗೂ ಇದು ಬಗೆಹರಿಯಲಿಲ್ಲ. ಮೂರು ದಿನ ಬಿಟ್ಟು ನಾನು ಹೇಳಿದ್ದಿಷ್ಟು: “ಗಂಡನ್ನು ಮತ್ತೆ ಜೊತೆಗೆ ಬಿಡಬ್ಯಾಡ. ಇಟ್ಟ ತತ್ತಿಯನ್ನು ಕೆಡಿಸಬ್ಯಾಡ. ಹುಟ್ಟಿದ್ದನ್ನು ಮಾರಬ್ಯಾಡ, ಅವುಗಳ ಆಯುಷ್ಯ ಮುಗಿಯುವವರೆಗೆ ನೀನೇ ಹೊಣೆ.” ಇದು ನಿರ್ದೋಷವಾದ ಉತ್ತರವೆಂದು ನಾನು ಭಾವಿಸಿಲ್ಲ, ದೋಷವನ್ನು ಇನ್ನಷ್ಟು ಬೆಳೆಯಗೊಡದ ಉತ್ತರ ಮಾತ್ರ.

ಹುಡುಗ ಬಹಳ ಹೊತ್ತು ಸುಮ್ಮನಿದ್ದು, “ಇಪ್ಪತ್ತು ವರ್ಷ ಅಂದರ ನನಗ ಮೂವತ್ತನಾಲ್ಕು ಆಗತೈತಿ ಅಜ್ಜಾ” ಎಂದ. ಯಶೋಧರನಿಗೆ ಕೋಳಿಯನ್ನು ಕಡಿಯುವ ಮೊದಲು ಇಷ್ಟು ಲೆಕ್ಕ ಹಾಕುವ ವಿವೇಕ ಮೂಡಿದ್ದರೆ ಜನ್ನನಿಗೆ ಬರೆಯಲು ಕಥೆಯೇ ಇರುತ್ತಿರಲಿಲ್ಲ. ಬಲ್ಲವರು ನನ್ನ ಉತ್ತರದಲ್ಲಿ ತಪ್ಪಿದ್ದರೆ ತಿದ್ದಬೇಕಾಗಿ ವಿನಂತಿ.