ಹಕ್‌ನ ನರಕ, ಜಿಮ್‌ನ ಮಕ್ಕಳು

ಮಾರ್ಕ್ ಟ್ವೇನ್‌ನ ‘ಹಕಲ್‌ಬೆರಿ ಫಿನ್’ (1884) ಕಾದಂಬರಿಯನ್ನು ಮಾನವೀಯತೆಯ ಕೃತಿ ಅಂತ ಹೊಗಳಿ ಪಾಠ ಮುಗಿಸೋದು ಸುಲಭ. ದಲಿತ ಓದು ಇನ್ನೊಂದು ಪ್ರಶ್ನೆ ಕೇಳಬೇಕು: ಇಲ್ಲಿ ಕಥೆ ಹೇಳುತ್ತಿರೋರು ಯಾರು, ಯಾರ ಕಥೆ ಹೇಳದೆ ಉಳಿಯಿತು?

ನಿರೂಪಕ ಹಕ್ ತಾಯಿಯಿಲ್ಲದ ಹುಡುಗ. ಅಪ್ಪ ಕುಡುಕ, ಹೊಡೆದು ಗುಡಿಸಲಲ್ಲಿ ಕೂಡಿಹಾಕುವವನು. ತಪ್ಪಿಸಿಕೊಂಡ ಹಕ್‌ಗೆ ಮಿಸಿಸಿಪ್ಪಿ ನದಿಯಲ್ಲಿ ಜೊತೆಯಾಗುವವನು ಜಿಮ್. ಒಡತಿ ತನ್ನನ್ನು 800 ಡಾಲರಿಗೆ ಮಾರುತ್ತಾಳೆಂದು ತಿಳಿದು ಓಡಿಬಂದ ಕಪ್ಪು ಗುಲಾಮ. ಇಬ್ಬರೂ ಊರ ಹೊರಗಿನವರೇ. ಆದರೆ ಹಕ್‌ನ ಪಾಲಿಗೆ 6,000 ಡಾಲರ್ ಇದೆ, ಬಿಳಿ ಚರ್ಮ ಇದೆ. ಮನಸ್ಸು ಮಾಡಿದರೆ ಊರೊಳಗೆ ಬರಬಹುದು. ಜಿಮ್‌ನ ಮೈಗೇ ಬೆಲೆ ಕಟ್ಟಿದ್ದಾರೆ.

ದುಡಿದು ಹೆಂಡತಿಯನ್ನು ಬಿಡಿಸಿಕೊಳ್ತೀನಿ, ಆಮೇಲೆ ಇಬ್ಬರೂ ಸೇರಿ ಮಕ್ಕಳನ್ನು ಬಿಡಿಸ್ತೀವಿ, ಒಡೆಯ ಒಪ್ಪದಿದ್ದರೆ ಕದ್ದಾದರೂ ತರಿಸ್ತೀನಿ ಅಂತಾನೆ ಜಿಮ್. ಹಕ್ ಬೆಚ್ಚುತ್ತಾನೆ. ಅಪ್ಪ ತನ್ನ ಮಕ್ಕಳನ್ನು ತರೋದು ಅವನಿಗೆ ಕಳ್ಳತನ! ಮುಂದೆ ಜಿಮ್‌ನನ್ನು ಹಿಡಿದುಕೊಡುವ ಕಾಗದ ಬರೆದು, ಹರಿದುಹಾಕಿ, ನರಕಕ್ಕೆ ಹೋಗಲೂ ಸಿದ್ಧನಾಗುತ್ತಾನೆ. ಈ ಗಳಿಗೆ ದೊಡ್ಡದು, ನಿಜ. ಆದರೆ ಗುಲಾಮಗಿರಿ ತಪ್ಪು ಅಂತ ಹಕ್ ಅಲ್ಲೂ ಹೇಳೋದಿಲ್ಲ. ತಾನೇ ಪಾಪಿ ಅಂದುಕೊಳ್ಳುತ್ತಾನೆ. ಮನಸ್ಸು ಗೆಲ್ಲುತ್ತೆ, ಶಾಸ್ತ್ರ ಹಾಗೇ ಉಳಿಯುತ್ತೆ. ಈ ಬಿರುಕನ್ನು ಮುಚ್ಚದೆ ತೋರಿಸಿದ್ದು ಟ್ವೇನ್‌ನ ಶಕ್ತಿ.

ಗುಲಾಮಗಿರಿಯನ್ನು ಜಾತಿಯ ಪಕ್ಕದಲ್ಲಿಟ್ಟು ನೋಡೋದು ನಮಗೆ ಹೊಸದಲ್ಲ. ಜೋತಿಬಾ ಫುಲೆ 1873ರಲ್ಲೇ ತಮ್ಮ ‘ಗುಲಾಮಗಿರಿ’ಯನ್ನು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕನ್ನರಿಗೆ ಅರ್ಪಿಸಿದ್ದರು. ಕೇರಿಯಲ್ಲಿ ಉಂಡದ್ದನ್ನು ತನ್ನ ಸ್ವಂತ ಪಾಪವೆಂದುಕೊಳ್ಳುವವನು ಒಳ್ಳೆಯ ಗೆಳೆಯನಾಗಬಹುದು; ಜಾತಿಯನ್ನು ಪ್ರಶ್ನಿಸುವವನಾಗಲಾರ.

ಕಾದಂಬರಿಯ ಕೊನೆ ಇದಕ್ಕೆ ಸಾಕ್ಷಿ. ಒಡತಿಯ ಉಯಿಲಿನಿಂದ ಜಿಮ್ ಆಗಲೇ ಸ್ವತಂತ್ರ. ಅದು ಗೊತ್ತಿದ್ದೂ ಟಾಮ್ ಸಾಯರ್ ಆಟಕ್ಕಾಗಿ ಅವನನ್ನು ಸೆರೆಯಲ್ಲೇ ಇಡುತ್ತಾನೆ. ಮೊದಲು ಒಬ್ಬ ವಂಚಕ ಜಿಮ್‌ನನ್ನು ಮಾರಿದ್ದು 40 ಡಾಲರಿಗೆ. ಒಳ್ಳೆ ಕೈದಿಯಾಗಿದ್ದಕ್ಕೆ ಟಾಮ್ ಕೊಡೋದೂ 40 ಡಾಲರ್. ಜಿಮ್‌ನ ಹೆಂಡತಿ ಮಕ್ಕಳು ಏನಾದರು? ಆ ಬಗ್ಗೆ ಒಂದು ಮಾತೂ ಇಲ್ಲ. ಹಕ್ ಪಶ್ಚಿಮದ ಕಡೆ ಹೊರಡುವ ಯೋಚನೆಯಲ್ಲಿದ್ದಾನೆ.

140 ವರ್ಷಗಳ ಮೇಲೆ ಬಂದ ಒಂದು ಕಾದಂಬರಿ ಆ ಮಾತನ್ನು ಎತ್ತಿಕೊಳ್ಳುತ್ತೆ. ಪರ್ಸಿವಲ್ ಎವರೆಟ್‌ರ ‘ಜೇಮ್ಸ್’ (2024) ಕಾದಂಬರಿಯಲ್ಲಿ ಕಥೆ ಹೇಳೋನು ಜಿಮ್. ಹೆಂಡತಿ ಮಗಳನ್ನು ಹುಡುಕಿ ಹೋಗುವವನೂ ಅವನೇ. ಬರೆಯೋಕೆ ಅವನಿಗೊಂದು ಮೋಟು ಪೆನ್ಸಿಲ್ ಕದ್ದುಕೊಟ್ಟ ಗುಲಾಮನ ಪ್ರಾಣವೇ ಹೋಗುತ್ತೆ.

ಹಕ್‌ನ ಅನುಕಂಪ ಸುಳ್ಳಲ್ಲ. ಆದರೆ ಅನುಕಂಪಕ್ಕೆ ಜಿಮ್ ಮಾತ್ರ ಕಾಣುತ್ತಾನೆ, ಜಿಮ್‌ನ ಮಕ್ಕಳು ಕಾಣೋದಿಲ್ಲ. ಅವರನ್ನು ಕಾಣಬೇಕಾದರೆ ಪೆನ್ಸಿಲ್ಲು ಅಪ್ಪನ ಕೈಗೇ ಬರಬೇಕು.